ಬೈಪಾಸ್‌ಗೆ ಮುನ್ನ ಹೃದಯದ ಪೆಟ್ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯದ ಕಡೆಯಿಂದ ಹೃದ್ರೋಗಿಗಳನ್ನು ಕರೆದುಕೊಂಡು ಆಸ್ಪತ್ರೆಗಳಿಗೆ ಓಡಾಡುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಚಲನೆ ನಿಂತ ಹೃದಯದ ಸ್ನಾಯು ಇನ್ನೂ ಬದುಕಿದೆಯೇ ಎಂದು ನೋಡುವ ಪರೀಕ್ಷೆ ಇದು. ಬೈಪಾಸ್ ಆಗಬೇಕಾದ ಎಲ್ಲರಿಗೂ ಈ ಸ್ಕ್ಯಾನ್ ಬೇಕಿಲ್ಲ. ಹೃದಯಾಘಾತವಾದ ಮೇಲೆ, ಅಥವಾ ಆಘಾತವಾದದ್ದೇ ತಿಳಿಯದೆ, ಹೃದಯದ ಪಂಪಿಂಗ್ ಬಹಳ ಕುಸಿದು, ಆಂಜಿಯೋಗ್ರಾಂನಲ್ಲಿ ಹಲವು ನಾಳಗಳು ಮುಚ್ಚಿರುವುದು ಕಂಡವರ ವಿಷಯದಲ್ಲಿ ಮಾತ್ರ ಇದರ ಪ್ರಸ್ತಾಪ ಬರುತ್ತದೆ.

## ಮೊದಲು ಕೇಳುವವು

ಎಕೋದಲ್ಲಿ ಪಂಪಿಂಗ್ 25 ಪರ್ಸೆಂಟ್ ಅಂದ್ರು, ಮೂರು ನಾಳ ಬ್ಲಾಕ್ ಅಂದ್ರು. ಇಷ್ಟು ಗೊತ್ತಾದ ಮೇಲೂ ಆಪರೇಷನ್ ಮಾಡದೆ ಇನ್ನೊಂದು ಸ್ಕ್ಯಾನ್ ಯಾಕೆ?

ಆರೋಗ್ಯವಂತ ಹೃದಯ ಒಂದು ಬಡಿತಕ್ಕೆ ತನ್ನ ಎಡ ಕೋಣೆಯಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಹೊರಗೆ ತಳ್ಳುತ್ತದೆ. ಪಂಪಿಂಗ್ ಎನ್ನುವುದು ಇದನ್ನೇ. ಈ ಪ್ರಮಾಣ ಶೇ. 35 ಅಥವಾ ಅದಕ್ಕಿಂತ ಕೆಳಗಿಳಿದರೆ ಹೃದಯ ತೀವ್ರವಾಗಿ ದುರ್ಬಲವಾಗಿದೆ ಎನ್ನುತ್ತಾರೆ. ಹೃದಯದ ಗೋಡೆಯ ಯಾವ ಭಾಗ ಚಲಿಸುತ್ತಿಲ್ಲ ಎಂಬುದನ್ನು ಎಕೋ ತೋರಿಸುತ್ತದೆ, ಎಲ್ಲಿ ಅಡಚಣೆ ಇದೆ ಎಂಬುದನ್ನು ಆಂಜಿಯೋಗ್ರಾಂ ತೋರಿಸುತ್ತದೆ. ಚಲಿಸದ ಆ ಭಾಗ ಸತ್ತು ಕಲೆಗಟ್ಟಿದೆಯೋ, ರಕ್ತ ಸಾಲದೆ ಕೆಲಸ ನಿಲ್ಲಿಸಿ ಜೀವ ಹಿಡಿದುಕೊಂಡಿದೆಯೋ ಎಂಬುದನ್ನು ಇವೆರಡೂ ಖಚಿತವಾಗಿ ಹೇಳಲಾರವು. ಬೈಪಾಸ್ ಮಾಡುವುದು ರಕ್ತ ತಲುಪಿಸುವ ಕೆಲಸವನ್ನು. ಸತ್ತ ಸ್ನಾಯುವಿಗೆ ರಕ್ತ ತಲುಪಿಸಿದರೂ ಅದು ಚಲಿಸುವುದಿಲ್ಲ, ಆದರೆ ಎದೆ ತೆರೆದ ಅಪಾಯವನ್ನು ರೋಗಿ ಹೊತ್ತಾಗಿರುತ್ತದೆ. ಪಂಪಿಂಗ್ ಕಡಿಮೆಯಾದಷ್ಟೂ ಆ ಅಪಾಯ ಹೆಚ್ಚು.

ಅಟ್ಯಾಕ್ ಆದ ಜಾಗ ಸತ್ತೇ ಹೋಗಿರುತ್ತೆ ಅಲ್ವಾ? ಸತ್ತಿದ್ದು ಮತ್ತೆ ಬದುಕುತ್ತಾ?

ಸತ್ತದ್ದು ಬದುಕುವುದಿಲ್ಲ. ಆದರೆ ಚಲಿಸದೆ ಇರುವುದೆಲ್ಲ ಸತ್ತಿರುವುದಿಲ್ಲ ಎಂಬುದು 1970ರ ದಶಕದ ಕೊನೆಯಿಂದ ನಿಧಾನವಾಗಿ ಸ್ಪಷ್ಟವಾಯಿತು. ಬೈಪಾಸ್ ಆದ ಕೆಲವರಲ್ಲಿ, ಕೆಟ್ಟೇ ಹೋಗಿದೆ ಎಂದುಕೊಂಡಿದ್ದ ಗೋಡೆ ಮತ್ತೆ ಚಲಿಸತೊಡಗಿದ್ದನ್ನು ವೈದ್ಯರು ಕಂಡರು. ದೀರ್ಘಕಾಲ ರಕ್ತದ ಕೊರತೆಯಲ್ಲಿರುವ ಸ್ನಾಯು ತನ್ನ ಕೆಲಸವನ್ನು ತಗ್ಗಿಸಿಕೊಂಡು ಉಳಿದುಕೊಂಡಿರುತ್ತದೆ ಎಂಬ ವಿವರಣೆಯನ್ನು ಹೃದ್ರೋಗ ತಜ್ಞ ಶಾಹಬುದ್ದೀನ್ ರಹೀಮ್‌ತೂಲಾ ಅವರು 1980ರ ದಶಕದಲ್ಲಿ ಬಲವಾಗಿ ಮುಂದಿಟ್ಟರು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಗದ್ದೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ಸಾಲದ ಪೈರು ಬೆಳವಣಿಗೆ ನಿಲ್ಲಿಸಿ ಬೇರು ಹಿಡಿದು ನಿಂತಿರುತ್ತದೆ, ನೀರು ಹರಿದರೆ ಚಿಗುರುತ್ತದೆ, ಬೇರೇ ಒಣಗಿದ್ದರೆ ಎಷ್ಟು ನೀರು ಬಿಟ್ಟರೂ ಪ್ರಯೋಜನವಿಲ್ಲ. ಇಂಥ ಸ್ನಾಯುವನ್ನು ಸುಪ್ತ ಸ್ನಾಯು ಎನ್ನಬಹುದು. ಇದಲ್ಲದೆ, ರಕ್ತ ಮತ್ತೆ ಹರಿದ ಮೇಲೂ ಕೆಲವು ದಿನ ಅಥವಾ ವಾರ ಮಂಕಾಗಿಯೇ ಇದ್ದು ತಾನಾಗಿ ಚೇತರಿಸಿಕೊಳ್ಳುವ ಸ್ನಾಯುವೂ ಉಂಟು. ಹೃದಯಾಘಾತವಾದ ಮೊದಲ ವಾರದ ಎಕೋ ನೋಡಿ ಎದೆಗುಂದಬಾರದು ಎಂದು ವೈದ್ಯರು ಹೇಳುವುದಕ್ಕೆ ಇದೇ ಕಾರಣ.

ಪೆಟ್ ಸ್ಕ್ಯಾನ್ ಕ್ಯಾನ್ಸರ್‌ಗೆ ಮಾಡೋದಲ್ವಾ? ಹಾರ್ಟ್‌ಗೆ ಯಾಕೆ?

ಯಂತ್ರ ಅದೇ, ಒಳಗೆ ಬಿಡುವ ಔಷಧವೂ ಅದೇ. ಕೇಳುವ ಪ್ರಶ್ನೆ ಬೇರೆ. ಉಪವಾಸದಲ್ಲಿರುವ ಆರೋಗ್ಯವಂತ ಹೃದಯ ತನಗೆ ಬೇಕಾದ ಶಕ್ತಿಯ ಬಹುಪಾಲನ್ನು ಕೊಬ್ಬಿನ ಆಮ್ಲಗಳಿಂದ ಪಡೆಯುತ್ತದೆ. ಕೊಬ್ಬನ್ನು ಉರಿಸಲು ಆಮ್ಲಜನಕ ಹೆಚ್ಚು ಬೇಕು. ರಕ್ತದ ಕೊರತೆಯಾದ ಸ್ನಾಯು ಅಷ್ಟು ಆಮ್ಲಜನಕ ಸಿಗದೆ ಗ್ಲೂಕೋಸಿನತ್ತ ತಿರುಗುತ್ತದೆ. ಎಫ್‌ಡಿಜಿ ಎಂಬುದು ವಿಕಿರಣಶೀಲ ಫ್ಲೋರಿನ್-18 ಜೋಡಿಸಿದ ಗ್ಲೂಕೋಸಿನಂಥ ವಸ್ತು. ಜೀವಕೋಶ ಅದನ್ನು ಗ್ಲೂಕೋಸ್ ಎಂದೇ ಒಳಗೆ ಎಳೆದುಕೊಳ್ಳುತ್ತದೆ, ಆದರೆ ಮೊದಲ ಹಂತ ದಾಟಿದ ಮೇಲೆ ಅದನ್ನು ಮುಂದಕ್ಕೆ ಅರಗಿಸಲಾರದು; ಹಾಗಾಗಿ ಅದು ಕೋಶದೊಳಗೇ ಸಿಕ್ಕಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಸತ್ತ ಕೋಶ ಗ್ಲೂಕೋಸನ್ನು ಎಳೆದುಕೊಳ್ಳುವುದಿಲ್ಲ.

ಈ ಒಂದು ಚಿತ್ರದಿಂದಲೇ ತೀರ್ಮಾನ ಆಗುವುದಿಲ್ಲ. ರಕ್ತ ಎಷ್ಟು ತಲುಪುತ್ತಿದೆ ಎಂಬ ಮತ್ತೊಂದು ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹೀಗೆ ಎರಡನ್ನೂ ಹೋಲಿಸಿ, ಶಸ್ತ್ರಚಿಕಿತ್ಸೆಯ ನಂತರ ಯಾವ ಭಾಗ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಮೊದಲೇ ಊಹಿಸಬಹುದೆಂದು 1986ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ತೋರಿಸಿತು. ಆ ವಿಧಾನದ ತಿರುಳು ಇಂದಿಗೂ ಬದಲಾಗಿಲ್ಲ.

## ಪರೀಕ್ಷೆಗೆ ಹೋಗುವ ಮುನ್ನ

ಅಮ್ಮನಿಗೆ ತುಂಬಾ ವರ್ಷದಿಂದ ಶುಗರ್ ಇದೆ. ಸ್ಕ್ಯಾನ್ ದಿನ ಗ್ಲೂಕೋಸ್ ಕುಡಿಸ್ತೀವಿ ಅಂತಾರಲ್ಲ, ಅದು ತಪ್ಪಲ್ವಾ?

ತಪ್ಪಲ್ಲ, ಆದರೆ ಇಡೀ ಪರೀಕ್ಷೆಯಲ್ಲಿ ಹೆಚ್ಚು ಎಚ್ಚರ ಬೇಕಾದ ಹಂತ ಇದೇ. ಕ್ಯಾನ್ಸರ್‌ಗಾಗಿ ಮಾಡುವ ಪೆಟ್ ಸ್ಕ್ಯಾನ್‌ಗೆ ಹೊಟ್ಟೆ ಖಾಲಿ ಇದ್ದರೆ ಸಾಕು. ಹೃದಯದ ಜೀವಂತಿಕೆ ನೋಡುವಾಗ ಉಪವಾಸದ ನಂತರ ಗ್ಲೂಕೋಸ್ ಕೊಟ್ಟು, ದೇಹದಲ್ಲಿ ಇನ್ಸುಲಿನ್ ಏರುವಂತೆ ಮಾಡಿ, ಇಡೀ ಹೃದಯ ಕೊಬ್ಬನ್ನು ಬಿಟ್ಟು ಗ್ಲೂಕೋಸನ್ನು ತೆಗೆದುಕೊಳ್ಳುವ ಸ್ಥಿತಿಗೆ ತರಬೇಕು. ಇದು ಸರಿಯಾಗಿ ಆಗದಿದ್ದರೆ ಬದುಕಿರುವ ಸ್ನಾಯುವೂ ಎಫ್‌ಡಿಜಿಯನ್ನು ಎಳೆದುಕೊಳ್ಳದೆ ಚಿತ್ರದಲ್ಲಿ ಸತ್ತಂತೆ ಕಾಣಬಹುದು.

ಸಕ್ಕರೆ ಕಾಯಿಲೆ ಇರುವವರಲ್ಲಿ ತೊಂದರೆ ಬರುವುದು ಇಲ್ಲೇ. ಅವರ ದೇಹದಲ್ಲಿ ಇನ್ಸುಲಿನ್ ಸಾಲದು, ಅಥವಾ ಇದ್ದರೂ ಸ್ನಾಯು ಅದಕ್ಕೆ ಸ್ಪಂದಿಸುವುದಿಲ್ಲ. ಆದ್ದರಿಂದ ಗ್ಲೂಕೋಸ್ ಕುಡಿಸಿದ ಮೇಲೆ ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ, ಮಟ್ಟ ನೋಡಿಕೊಂಡು ನಾಳದ ಮೂಲಕ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಕೊಡುತ್ತಾರೆ. ಕೆಲವು ಕೇಂದ್ರಗಳಲ್ಲಿ ಇನ್ಸುಲಿನ್ ಮತ್ತು ಗ್ಲೂಕೋಸ್ ಎರಡನ್ನೂ ಡ್ರಿಪ್‌ನಲ್ಲಿ ಒಟ್ಟಿಗೆ ಹರಿಸಿ ಸಕ್ಕರೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವಿಧಾನವಿದೆ. ಅದು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಚಿತ್ರ ಚೆನ್ನಾಗಿ ಬರುತ್ತದೆ. ಇನ್ಸುಲಿನ್ ಕೊಟ್ಟಾಗ ಸಕ್ಕರೆ ತೀರಾ ಇಳಿಯುವ, ರಕ್ತದ ಪೊಟಾಸಿಯಂ ತಗ್ಗುವ ಸಂಭವವಿದೆ, ದುರ್ಬಲ ಹೃದಯಕ್ಕೆ ಇವೆರಡೂ ಒಳ್ಳೆಯದಲ್ಲ. ಸ್ಕ್ಯಾನ್ ಮುಗಿದ ತಕ್ಷಣ ಬಸ್ಸಿಗೆ ಓಡಬೇಡಿ, ಊಟ ಮಾಡಿ, ಸಕ್ಕರೆ ಇನ್ನೊಮ್ಮೆ ನೋಡಿಸಿಕೊಂಡು ಹೊರಡಿ ಎಂದು ಹೇಳುವುದು ಇದಕ್ಕಾಗಿ.

ಮನೆಯವರು ಮಾಡಬೇಕಾದದ್ದು ಒಂದೇ: ಹಿಂದಿನ ರಾತ್ರಿ ಯಾವ ಮಾತ್ರೆ ತೆಗೆದುಕೊಳ್ಳಬೇಕು, ಬೆಳಗ್ಗೆ ಯಾವ ಇನ್ಸುಲಿನ್ ಬಿಡಬೇಕು, ಎಷ್ಟು ಗಂಟೆಯಿಂದ ಉಪವಾಸ ಎಂಬುದನ್ನು ಕೇಂದ್ರದಿಂದ ಬರವಣಿಗೆಯಲ್ಲಿ ಪಡೆದು ಅದರಂತೆಯೇ ನಡೆಯುವುದು. ‘ಹೇಗೂ ಗ್ಲೂಕೋಸ್ ಕೊಡ್ತಾರಂತೆ’ ಎಂದು ಮನೆಯಲ್ಲೇ ಬೆಲ್ಲದ ಕಾಫಿ ಕುಡಿಸಿ ಕರೆತಂದರೆ ಅಂದಿನ ಪರೀಕ್ಷೆ ಕೆಡುತ್ತದೆ.

ಹೇಳಿದ ಟೈಮಿಗೆ ಬರ್ಲೇಬೇಕು ಅಂತ ಅಷ್ಟು ಒತ್ತಾಯ ಯಾಕೆ? ಮಂಡ್ಯದಿಂದ ಬರೋದು ಒಂದರ್ಧ ಗಂಟೆ ಹೆಚ್ಚುಕಮ್ಮಿ ಆದ್ರೆ?

ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಅದರ ಬಲ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು 110 ನಿಮಿಷ. ಅದನ್ನು ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರಿಸಬೇಕು. ಬೆಂಗಳೂರಿನಿಂದ ಹೊರಟ ಔಷಧ ಎರಡು ಗಂಟೆ ರಸ್ತೆಯಲ್ಲಿದ್ದು ಮೈಸೂರು ತಲುಪಿದರೆ, ಬಾಟಲಿಯಲ್ಲಿ ಹೊರಟದ್ದರ ಅರ್ಧಕ್ಕಿಂತ ತುಸು ಕಡಿಮೆ ಬಲ ಉಳಿದಿರುತ್ತದೆ. ಅದರಲ್ಲೇ ಅಂದಿನ ಎಲ್ಲ ರೋಗಿಗಳ ಲೆಕ್ಕ ಹಾಕಿರುತ್ತಾರೆ. ಇತರ ಕಡೆ ರಕ್ತದ ಹರಿವು ನೋಡಲು ಬಳಸುವ ನೈಟ್ರೋಜನ್-13 ಅಮೋನಿಯಾದ ಅರ್ಧಾಯುಷ್ಯ ಕೇವಲ 10 ನಿಮಿಷ, ಹಾಗಾಗಿ ಸೈಕ್ಲೋಟ್ರಾನ್ ಪಕ್ಕದಲ್ಲೇ ಇಲ್ಲದ ಆಸ್ಪತ್ರೆಯಲ್ಲಿ ಅದು ಸಾಧ್ಯವಿಲ್ಲ. ಅಂಥ ಕಡೆ ಹರಿವಿನ ಚಿತ್ರವನ್ನು 6 ಗಂಟೆ ಅರ್ಧಾಯುಷ್ಯದ ಟೆಕ್ನಿಷಿಯಂ ಎಂಬ ವಿಕಿರಣಶೀಲ ವಸ್ತುವಿನಿಂದ, ಗಾಮಾ ಕ್ಯಾಮೆರಾ ಎಂಬ ಬೇರೆ ಯಂತ್ರದಲ್ಲಿ ತೆಗೆದು, ಗ್ಲೂಕೋಸಿನ ಚಿತ್ರವನ್ನು ಪೆಟ್ ಯಂತ್ರದಲ್ಲಿ ತೆಗೆಯುತ್ತಾರೆ. ಎರಡು ಯಂತ್ರ, ಎರಡು ಚುಚ್ಚುಮದ್ದು, ಕೆಲವೊಮ್ಮೆ ಎರಡು ದಿನ ಎಂದು ಹೇಳಿದರೆ ಸುಮ್ಮನೆ ಓಡಾಡಿಸುತ್ತಿದ್ದಾರೆ ಎಂದು ಭಾವಿಸಬೇಕಿಲ್ಲ.

ರೇಡಿಯೇಷನ್ ಅಂತೀರಿ, ಮನೇಲಿ ಎಳೆ ಮಗು ಇದೆ. ತಾತ ಎತ್ತಿಕೊಳ್ಳಬಹುದಾ?

ಅಂದು ಸಂಜೆಯವರೆಗೆ ಬೇಡ, ಮರುದಿನದಿಂದ ಎತ್ತಿಕೊಳ್ಳಬಹುದು. ಗರ್ಭಿಣಿಯರೂ ಆ ಕೆಲವು ಗಂಟೆ ತೀರಾ ಹತ್ತಿರ ಕೂರದಿದ್ದರೆ ಸಾಕು. ಎಫ್‌ಡಿಜಿಯಿಂದ ರೋಗಿಗೆ ತಗಲುವ ವಿಕಿರಣ ಸಾಮಾನ್ಯವಾಗಿ 4ರಿಂದ 7 ಮಿಲಿಸೀವರ್ಟ್. ಭೂಮಿ ಮತ್ತು ಆಕಾಶದಿಂದ ಮನುಷ್ಯನೊಬ್ಬನಿಗೆ ವರ್ಷಕ್ಕೆ ತಾನಾಗಿ ತಗಲುವ ಸರಾಸರಿ ಪ್ರಮಾಣ ಸುಮಾರು 2.4. ಪಂಪಿಂಗ್ ಇಷ್ಟು ಇಳಿದಿರುವವರಲ್ಲಿ ಚಿಂತಿಸಬೇಕಾದ ವಿಷಯಗಳಲ್ಲಿ ಇದು ಕೊನೆಯದು.

ಕಾರ್ಡ್‌ನಲ್ಲಿ ಆಪರೇಷನ್ ಆಗುತ್ತೆ ಅಂದ್ರು. ಸ್ಕ್ಯಾನ್ ಕೂಡ ಅದರಲ್ಲೇ ಬರುತ್ತಾ?

ಆಪರೇಷನ್‌ಗೆ ಮಂಜೂರಾತಿ ಸಿಕ್ಕರೆ ಅದಕ್ಕೆ ಮುಂಚಿನ ಪ್ರತಿಯೊಂದು ಪರೀಕ್ಷೆಯೂ ತಾನಾಗಿ ಅದರೊಳಗೆ ಸೇರುತ್ತದೆ ಎಂದು ಎಣಿಸಬಾರದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು, ಸಹಕಾರ ಸಂಘದ ಮೂಲಕ ಯಶಸ್ವಿನಿ ಕಾರ್ಡ್ ಮಾಡಿಸಿದವರು ಆಸ್ಪತ್ರೆಯ ಯಶಸ್ವಿನಿ ವಿಭಾಗವನ್ನು ಸ್ಕ್ಯಾನ್ ದಿನ ಗೊತ್ತುಮಾಡುವ ಮೊದಲೇ ವಿಚಾರಿಸಬೇಕು. ಹಣ ಕಟ್ಟಿದ ಮೇಲೆ ವಿಚಾರಿಸಿದರೆ ಸಾಮಾನ್ಯವಾಗಿ ಏನೂ ಮಾಡಲಾಗುವುದಿಲ್ಲ.

## ವರದಿ ಕೈಗೆ ಬಂದ ಮೇಲೆ

ರಿಪೋರ್ಟ್‌ನಲ್ಲಿ ‘ಮಿಸ್‌ಮ್ಯಾಚ್’ ಅಂತ ಬರೆದಿದ್ದಾರೆ. ಏನೋ ಕೆಟ್ಟದ್ದು ಅಂತ ಭಯ ಆಗ್ತಿದೆ.

ಈ ವರದಿಯಲ್ಲಿ ಆಶೆ ಇಟ್ಟುಕೊಳ್ಳಬೇಕಾದ ಪದವೇ ಅದು. ರಕ್ತ ಕಡಿಮೆ ತಲುಪುತ್ತಿದೆ, ಆದರೆ ಗ್ಲೂಕೋಸನ್ನು ಸ್ನಾಯು ಚೆನ್ನಾಗಿ ಎಳೆದುಕೊಳ್ಳುತ್ತಿದೆ, ಅಂದರೆ ಎರಡು ಚಿತ್ರಗಳೂ ತಾಳೆಯಾಗುತ್ತಿಲ್ಲ. ಅದು ಸುಪ್ತ ಸ್ನಾಯುವಿನ ಗುರುತು. ಎರಡೂ ಒಟ್ಟಿಗೆ ಕಡಿಮೆಯಾಗಿದ್ದರೆ ‘ಮ್ಯಾಚ್’ ಎನ್ನುತ್ತಾರೆ, ಅದು ಕಲೆಗಟ್ಟಿದ ಭಾಗ. ಎರಡೂ ಸರಿಯಾಗಿದ್ದು ಗೋಡೆ ಮಾತ್ರ ಚಲಿಸದಿದ್ದರೆ ಸ್ನಾಯು ಮಂಕಾಗಿದೆಯೆಂದೋ, ಬೇರೆ ಕಾರಣ ಹುಡುಕಬೇಕೆಂದೋ ಅರ್ಥ.

ಪದಕ್ಕಿಂತ ಮುಖ್ಯವಾದದ್ದು ಪ್ರಮಾಣ. ಹೃದಯದ ಎಡ ಕೋಣೆಯನ್ನು 17 ಭಾಗಗಳಾಗಿ ವಿಂಗಡಿಸಿ ಓದುವುದು ರೂಢಿ. ಅದರಲ್ಲಿ ಒಂದು ಮೂಲೆಯಲ್ಲಿ ಮಾತ್ರ ಮಿಸ್‌ಮ್ಯಾಚ್ ಇದ್ದರೆ ಆಪರೇಷನ್‌ನಿಂದ ಹೃದಯದ ಒಟ್ಟು ಬಲ ಹೆಚ್ಚುವುದು ಅನುಮಾನ. ಎಷ್ಟಿದ್ದರೆ ಸಾಕು ಎಂಬ ಗಡಿಯನ್ನು ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆಯಾಗಿ ಹಾಕಿವೆ: ಕೆಲವು ಎಡ ಕೋಣೆಯ ಶೇ. 7, ಕೆಲವು ಶೇ. 10, 1995ರ ಒಂದು ಅಧ್ಯಯನ ಶೇ. 18. ‘ಜೀವಂತಿಕೆ ಇದೆ’ ಎಂದಷ್ಟೇ ಬರೆದು ಪ್ರಮಾಣವನ್ನು ಬಿಟ್ಟಿರುವ ವರದಿ ನನ್ನ ದೃಷ್ಟಿಯಲ್ಲಿ ಅರ್ಧ ವರದಿ, ಕೇಳಿ ಬರೆಸಿಕೊಳ್ಳಿ.

ಸ್ನಾಯು ಬದುಕಿದೆ ಅಂತ ಬಂತು. ಹಾಗಾದ್ರೆ ಆಪರೇಷನ್ ಗ್ಯಾರಂಟಿ ಆಗ್ಲೇಬೇಕಾ?

ಇಲ್ಲ. ಬದುಕಿರುವ ಸ್ನಾಯುವಿಗೆ ರಕ್ತ ತಲುಪಿಸಲು ಅಡಚಣೆಯ ಆಚೆ ಹೊಲಿಗೆ ಹಾಕುವಷ್ಟು ಚೆನ್ನಾಗಿರುವ ನಾಳ ಇರಬೇಕು. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವ ಹಲವರಲ್ಲಿ ನಾಳ ಕೊನೆಯವರೆಗೂ ಸಣಕಲಾಗಿ, ಹೊಲಿಯಲು ಜಾಗವೇ ಇರುವುದಿಲ್ಲ. ಎಡ ಕೋಣೆ ತೀರಾ ಹಿಗ್ಗಿ ಹೋಗಿದ್ದರೆ, ಅಲ್ಲಲ್ಲಿ ಜೀವಂತ ಸ್ನಾಯು ಇದ್ದರೂ ಪಂಪಿಂಗ್ ಮೇಲೇರುವುದು ಕಷ್ಟ. ಮೂತ್ರಪಿಂಡ, ಶ್ವಾಸಕೋಶ, ಕವಾಟದ ಸೋರಿಕೆ, ರೋಗಿಯ ಒಟ್ಟು ದೇಹಶಕ್ತಿ, ಇವನ್ನೆಲ್ಲ ಹೃದ್ರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕುಳಿತು ತೂಗಬೇಕು. ರೋಗಿಗೆ ಏನು ಬೇಕು ಎಂಬುದೂ ಅದರಲ್ಲಿ ಸೇರಬೇಕು. ಮಕ್ಕಳೆಲ್ಲ ತೀರ್ಮಾನ ಮಾಡಿಕೊಂಡು ಬಂದು, ಅಪ್ಪನನ್ನು ಯಾರೂ ಕೇಳಿಯೇ ಇಲ್ಲದ ಸಂದರ್ಭಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಪೂರ್ತಿ ಸತ್ತಿದೆ ಅಂತ ಬಂದ್ರೆ ಬೈಪಾಸ್ ಬೇಡವೇ ಬೇಡ್ವಾ?

ಪಂಪಿಂಗ್ ಸುಧಾರಿಸಲೆಂದು ಮಾತ್ರ ಮಾಡುವುದಾದರೆ ಬಹುತೇಕ ಬೇಡ. ಆದರೆ ಎಡಬದಿಯ ಮುಖ್ಯ ನಾಳವೇ ಮುಚ್ಚಿದ್ದರೆ, ಔಷಧಕ್ಕೆ ಬಗ್ಗದ ಎದೆನೋವು ಇದ್ದರೆ ಲೆಕ್ಕ ಬೇರೆ. ಬೈಪಾಸ್ ಇಲ್ಲವೆಂದರೆ ಚಿಕಿತ್ಸೆಯೇ ಇಲ್ಲವೆಂದಲ್ಲ: ಹೃದಯ ವೈಫಲ್ಯಕ್ಕೆ ಈಗಿರುವ ನಾಲ್ಕು ಬಗೆಯ ಔಷಧಗಳು ಆಯುಷ್ಯವನ್ನು ನಿಜಕ್ಕೂ ಹೆಚ್ಚಿಸುತ್ತವೆ, ಅಗತ್ಯವಿದ್ದವರಿಗೆ ಹಠಾತ್ ಸಾವನ್ನು ತಡೆಯುವ ಐಸಿಡಿ ಯಂತ್ರವಿದೆ.

ಜೀವಂತಿಕೆ ಇದೆ, ಆಪರೇಷನ್ ಮಾಡಿಸಿ ಅಂದ್ರು. ಕಬ್ಬು ಕಟಾವು ಮುಗೀಲಿ, ಆಮೇಲೆ ನೋಡೋಣ ಅಂತಾರೆ ಮಾವ.

ಮುಂದೂಡುವುದು ಒಳ್ಳೆಯದಲ್ಲ. ಸುಪ್ತ ಸ್ನಾಯು ಹಾಗೇ ಕಾಯುತ್ತ ಕೂರುವುದಿಲ್ಲ. ದಿನ ಕಳೆದಂತೆ ಕೋಶಗಳು ಸಾಯುತ್ತ, ನಡುನಡುವೆ ನಾರು ತುಂಬುತ್ತದೆ. ಕೆನಡಾದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪೆಟ್‌ನಲ್ಲಿ ಜೀವಂತಿಕೆ ಕಂಡಿದ್ದವರನ್ನು 35 ದಿನದೊಳಗೆ ಶಸ್ತ್ರಚಿಕಿತ್ಸೆ ಆದವರು, ತಡವಾದವರು ಎಂದು ವಿಂಗಡಿಸಿ ನೋಡಿದಾಗ, ತಡವಾದವರಲ್ಲಿ ಸಾವು ಸ್ಪಷ್ಟವಾಗಿ ಹೆಚ್ಚಿತ್ತು. ಅದರಲ್ಲಿದ್ದವರು 46 ರೋಗಿಗಳು ಮಾತ್ರ, ಆದ್ದರಿಂದ 35 ಎಂಬ ಅಂಕಿಯನ್ನೇ ಗೆರೆ ಎಂದು ಹಿಡಿಯಬಾರದು. ಆದರೂ ಕಟಾವನ್ನು ಬೇರೆಯವರಿಗೆ ವಹಿಸಬಹುದು.

## ಇನ್ನೂ ಆಳಕ್ಕೆ ಹೋದವರು ಕೇಳುವವು

ಎಂಆರ್‌ಐ, ಡೊಬುಟಮಿನ್ ಎಕೋ ಅಂತೆಲ್ಲ ಇವೆಯಲ್ಲ, ಪೆಟ್ಟೇ ಯಾಕೆ ಬೇಕು?

ಪೆಟ್ಟೇ ಆಗಬೇಕೆಂದಿಲ್ಲ. ಡೊಬುಟಮಿನ್ ಎಕೋ ಕಡಿಮೆ ಪ್ರಮಾಣದ ಔಷಧ ಕೊಟ್ಟಾಗ ಚಲಿಸದ ಗೋಡೆ ಸ್ವಲ್ಪವಾದರೂ ಚಲಿಸುತ್ತದೆಯೇ ಎಂದು ನೋಡುತ್ತದೆ; ಖರ್ಚು ಕಡಿಮೆ, ಆದರೆ ನೋಡುವವರ ಕಣ್ಣಿನ ಅನುಭವದ ಮೇಲೆ ಬಹಳ ನಿಂತಿದೆ. ಗ್ಯಾಡೋಲಿನಿಯಂ ಎಂಬ, ಚಿತ್ರದಲ್ಲಿ ಕಲೆ ಎದ್ದು ಕಾಣುವಂತೆ ಮಾಡುವ ಔಷಧ ಕೊಟ್ಟು ಮಾಡುವ ಎಂಆರ್‌ಐ ಕಲೆಯನ್ನೇ ನೇರವಾಗಿ ತೋರಿಸುತ್ತದೆ. ಗೋಡೆಯ ದಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಕಲೆ ಇದ್ದರೆ ಚೇತರಿಕೆಯ ನಿರೀಕ್ಷೆ ಕಡಿಮೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೂತ್ರಪಿಂಡ ಬಹಳ ಕೆಟ್ಟಿರುವವರಿಗೆ, ಕೆಲವು ಹಳೆಯ ಪೇಸ್‌ಮೇಕರ್ ಇರುವವರಿಗೆ ಎಂಆರ್‌ಐ ಕಷ್ಟ. ಅಂಥವರಲ್ಲಿ, ಮತ್ತು ಪಂಪಿಂಗ್ ತೀರಾ ಕಡಿಮೆಯಿದ್ದು ಉಳಿದ ಪರೀಕ್ಷೆಗಳು ಅಸ್ಪಷ್ಟವಾದವರಲ್ಲಿ ಪೆಟ್ ಹೆಚ್ಚು ಉಪಯುಕ್ತ. ಹತ್ತಿರದ ಆಸ್ಪತ್ರೆಯವರು ಯಾವುದನ್ನು ದಿನನಿತ್ಯ ಚೆನ್ನಾಗಿ ಮಾಡುತ್ತಾರೋ ಅದೇ ಅನೇಕ ವೇಳೆ ಸರಿಯಾದ ಆಯ್ಕೆ.

ಈ ಪರೀಕ್ಷೆ ಮಾಡಿದ್ರೂ ಬಿಟ್ರೂ ಒಂದೇ ಅಂತ ದೊಡ್ಡ ದೊಡ್ಡ ಅಧ್ಯಯನಗಳು ಹೇಳಿವೆಯಂತೆ. ನಿಜವಾ?

ಭಾಗಶಃ ನಿಜ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. 2002ರಲ್ಲಿ 24 ಅಧ್ಯಯನಗಳ 3088 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದಾಗ, ಜೀವಂತಿಕೆ ಇದ್ದು ನಾಳ ಸರಿಪಡಿಸಿಕೊಂಡವರಲ್ಲಿ, ಔಷಧದಲ್ಲೇ ಉಳಿದವರಿಗಿಂತ ವಾರ್ಷಿಕ ಸಾವು ಸುಮಾರು ಶೇ. 80ರಷ್ಟು ಕಡಿಮೆ ಕಂಡಿತು. ಆದರೆ ಅವರಲ್ಲಿ ಯಾರಿಗೆ ಆಪರೇಷನ್ ಎಂಬುದನ್ನು ವೈದ್ಯರೇ ಆರಿಸಿದ್ದರು. ಗಟ್ಟಿಮುಟ್ಟಾದವರು ಆಪರೇಷನ್ ಕಡೆಗೆ ಹೋಗಿದ್ದರೆ ಲೆಕ್ಕ ದಾರಿ ತಪ್ಪಿಸುತ್ತದೆ.

ಹಾಗಾಗಿ ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ನಡೆಸಿದ ಸ್ಟಿಚ್ ಎಂಬ ಪ್ರಯೋಗ ಬಂತು. ಪಂಪಿಂಗ್ ಶೇ. 35 ಅಥವಾ ಕಡಿಮೆಯಿದ್ದ 1212 ಜನರಲ್ಲಿ ಅರ್ಧದಷ್ಟು ಮಂದಿಗೆ ಔಷಧ ಮಾತ್ರ, ಉಳಿದವರಿಗೆ ಔಷಧದ ಜೊತೆ ಬೈಪಾಸ್. 2011ರ ವರದಿಯಲ್ಲಿ ಒಟ್ಟು ಸಾವಿನಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಹತ್ತು ವರ್ಷದ ಲೆಕ್ಕ ಬಂದಾಗ ಔಷಧದ ಗುಂಪಿನಲ್ಲಿ ಶೇ. 66.1, ಬೈಪಾಸ್ ಗುಂಪಿನಲ್ಲಿ ಶೇ. 58.9 ಮಂದಿ ತೀರಿಕೊಂಡಿದ್ದರು. ಅಂದರೆ ಆಪರೇಷನ್‌ನ ಅಪಾಯ ಮೊದಲೇ ಬರುತ್ತದೆ, ಲಾಭ ವರ್ಷಗಳ ನಂತರ ಕೈಗೆ ಸಿಗುತ್ತದೆ. ಇವರಲ್ಲಿ 601 ಮಂದಿಗೆ ಜೀವಂತಿಕೆ ಪರೀಕ್ಷೆ ಆಗಿತ್ತು. ಜೀವಂತಿಕೆ ಇದ್ದವರಿಗೂ ಇಲ್ಲದವರಿಗೂ ಬೈಪಾಸ್‌ನ ಲಾಭದಲ್ಲಿ ಭೇದ ಕಾಣಲಿಲ್ಲ ಎಂದು 2011ರಲ್ಲೂ, ಮತ್ತೆ 2019ರಲ್ಲೂ ಬರೆದರು. ‘ಪ್ರಯೋಜನವಿಲ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಈ ಮಾತನ್ನು ಒಪ್ಪುವ ಮೊದಲು ಮೂರು ಸಂಗತಿ ನೋಡಬೇಕು. ಸ್ಟಿಚ್‌ನಲ್ಲಿ ಬಳಸಿದ್ದು ಗಾಮಾ ಕ್ಯಾಮೆರಾದ ಚಿತ್ರ ಮತ್ತು ಡೊಬುಟಮಿನ್ ಎಕೋ. ಗ್ಲೂಕೋಸಿನ ಪೆಟ್ ಅಲ್ಲ. ಪರೀಕ್ಷೆ ಕಡ್ಡಾಯವಾಗಿರಲಿಲ್ಲ. ಜೀವಂತಿಕೆ ಇಲ್ಲದವರು 114 ಮಂದಿ ಮಾತ್ರ ಇದ್ದರು. ಇನ್ನು ಪೆಟ್ ಅನ್ನೇ ಪರೀಕ್ಷಿಸಿದ ಕೆನಡಾದ ಪಾರ್-2 ಪ್ರಯೋಗ 2007ರಲ್ಲಿ ಪ್ರಕಟವಾಯಿತು. 430 ರೋಗಿಗಳಲ್ಲಿ, ಪೆಟ್ ನೋಡಿ ನಿರ್ಧರಿಸಿದವರಲ್ಲಿ ಒಂದು ವರ್ಷದಲ್ಲಿ ಶೇ. 30, ಉಳಿದವರಲ್ಲಿ ಶೇ. 36 ಮಂದಿಗೆ ಹೃದಯದ ತೊಂದರೆಗಳಾದವು. ಈ ಅಂತರ ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಆದರೆ ಪೆಟ್ ಹೇಳಿದ್ದನ್ನು ವೈದ್ಯರು ಪಾಲಿಸಿದ್ದು ಸುಮಾರು ಮುಕ್ಕಾಲು ಪಾಲು ರೋಗಿಗಳಲ್ಲಿ ಮಾತ್ರ, ಪಾಲಿಸಿದ ಕಡೆ ಲಾಭ ಕಂಡಿತು. ಪಾಲಿಸಿದವರನ್ನು ಮಾತ್ರ ಆರಿಸಿ ನೋಡುವುದರಲ್ಲೂ ಹಿಂದೆ ಹೇಳಿದ ಅದೇ ದೋಷ ನುಸುಳಬಹುದು.

ನನ್ನ ಅಭಿಪ್ರಾಯ ಇಷ್ಟು: ಬಹುನಾಳ ಕಾಯಿಲೆ, ಹೊಲಿಯಲು ಒಳ್ಳೆಯ ನಾಳ, ತಾಳಿಕೊಳ್ಳುವ ದೇಹ ಇರುವವರಿಗೆ ಸ್ಕ್ಯಾನ್‌ಗಾಗಿ ಆಪರೇಷನ್ ತಡಮಾಡಬೇಕಿಲ್ಲ. ಅಮೆರಿಕದ 2021ರ ಮಾರ್ಗಸೂಚಿಯೂ ಇಂಥವರಿಗೆ ಬೈಪಾಸನ್ನು ನೇರವಾಗಿ ಶಿಫಾರಸು ಮಾಡುತ್ತದೆ. ಯಾವ ಕಾರಣಕ್ಕೂ ಆಪರೇಷನ್ ತಾಳಲಾರದವರಿಗೆ ಸ್ಕ್ಯಾನ್‌ನಿಂದ ಬದಲಾಗುವುದೇನೂ ಇಲ್ಲ. ಅಪಾಯವೂ ಲಾಭವೂ ಸಮಸಮ ಎನಿಸಿ, ಶಸ್ತ್ರಚಿಕಿತ್ಸಕರೇ ಹಿಂದೆಮುಂದೆ ನೋಡುತ್ತಿರುವ ನಡುವಿನ ಗುಂಪಿಗೆ ಇದು ಬೇಕು. ಆದ್ದರಿಂದ ‘ವರದಿ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ ಸಾರ್?’ ಎಂದು, ಸ್ಕ್ಯಾನ್ ಬರೆದುಕೊಡುವ ವೈದ್ಯರನ್ನೇ ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಸ್ಕ್ಯಾನ್ ಬೇಕಿಲ್ಲ.

ಎದೆ ಕೊಯ್ಯೋದು ಬೇಡ, ಜೀವಂತಿಕೆ ಇರೋ ಕಡೆ ಸ್ಟೆಂಟ್ ಹಾಕಿದ್ರೆ ಸಾಲದಾ?

ಇದೇ ಪ್ರಶ್ನೆಯನ್ನು ಬ್ರಿಟನ್ನಿನ ರಿವೈವ್ಡ್ ಪ್ರಯೋಗ ಕೇಳಿತು. ಪಂಪಿಂಗ್ ಶೇ. 35 ಅಥವಾ ಕಡಿಮೆಯಿದ್ದು, ಜೀವಂತಿಕೆ ಇದೆಯೆಂದು ತೋರಿಸಿದ 700 ಮಂದಿಯಲ್ಲಿ ಅರ್ಧ ಜನರಿಗೆ ಸ್ಟೆಂಟ್ ಹಾಕಿದರು. 2022ರಲ್ಲಿ ಪ್ರಕಟವಾದಂತೆ, ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಸ್ಟೆಂಟ್ ಗುಂಪಿನಲ್ಲಿ ಶೇ. 37.2, ಔಷಧದ ಗುಂಪಿನಲ್ಲಿ ಶೇ. 38. ವ್ಯತ್ಯಾಸವಿಲ್ಲ ಎಂದೇ ಅರ್ಥ. ಬೈಪಾಸ್‌ನ ಲಾಭ ಹತ್ತು ವರ್ಷಕ್ಕೆ ಸ್ಪಷ್ಟವಾದಂತೆ ಸ್ಟೆಂಟ್‌ನದೂ ಆದೀತೆಂದು ಈಗಲೇ ಎಣಿಸಿ ಹಾಕಿಸಿಕೊಳ್ಳಲು ಆಧಾರವಿಲ್ಲ. ಎದೆನೋವು ಕಾಡುತ್ತಿದ್ದರೆ, ಅಥವಾ ಹೊಸದಾಗಿ ಆಘಾತವಾಗಿದ್ದರೆ ಮಾತು ಬೇರೆ.

ಒಂದು ಕಡೆ ಎಂಆರ್‌ಐನಲ್ಲಿ ಸತ್ತಿದೆ ಅಂದ್ರು, ಪೆಟ್‌ನಲ್ಲಿ ಬದುಕಿದೆ ಅಂದ್ರು. ಯಾರನ್ನ ನಂಬೋದು?

ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಿರಬಹುದು. ಒಂದೇ ಗೋಡೆಯ ಒಳಪದರ ಕಲೆಗಟ್ಟಿ ಹೊರಪದರ ಬದುಕಿರುವುದು ಸಾಮಾನ್ಯ. ಎಂಆರ್‌ಐ ಮೊದಲನೆಯದನ್ನೂ ಪೆಟ್ ಎರಡನೆಯದನ್ನೂ ಎತ್ತಿ ತೋರಿಸುತ್ತದೆ. ತಾಂತ್ರಿಕ ಕಾರಣಗಳೂ ಇವೆ. ಸಕ್ಕರೆ ಹತೋಟಿಗೆ ಬರದೆ ತೆಗೆದ ಪೆಟ್ ಚಿತ್ರ ಮೋಸಮಾಡುತ್ತದೆ. ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹರಿಯುವ ದಾರಿಯಲ್ಲಿನ ಅಡಚಣೆ) ಇರುವವರಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ಗ್ಲೂಕೋಸನ್ನು ಕಡಿಮೆ ಎಳೆದುಕೊಂಡು, ರಕ್ತ ಚೆನ್ನಾಗಿದ್ದರೂ ಕೆಟ್ಟಂತೆ ಕಾಣುತ್ತದೆ. ಹರಿವಿನ ಚಿತ್ರವಿಲ್ಲದೆ ಪೆಟ್ ಅನ್ನು ಮಾತ್ರ ಓದಿದ್ದರೂ ಗೊಂದಲ ಸಹಜ. ವರದಿಯ ಕಾಗದ ಮಾತ್ರ ಹಿಡಿದುಕೊಂಡು ಮೂರನೆಯವರ ಬಳಿ ಹೋಗುವ ಬದಲು ಎರಡೂ ಪರೀಕ್ಷೆಗಳ ಚಿತ್ರಗಳ ಸಿಡಿ, ಆಂಜಿಯೋಗ್ರಾಂನ ಸಿಡಿ, ಪರೀಕ್ಷೆಯ ದಿನದ ಸಕ್ಕರೆಯ ಅಂಕಿಗಳು, ಇಷ್ಟನ್ನೂ ಒಯ್ದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಆಪರೇಷನ್ ಆಗಿ ಎರಡು ತಿಂಗಳಾಯ್ತು. ಪಂಪಿಂಗ್ ಇನ್ನೂ 30ರಲ್ಲೇ ಇದೆ. ಸ್ಕ್ಯಾನ್ ಸುಳ್ಳಾಯ್ತಾ?

ಇಷ್ಟು ಬೇಗ ಹೇಳಲಾಗದು. ಮಂಕಾಗಿದ್ದ ಸ್ನಾಯು ಬಹುಮಟ್ಟಿಗೆ ಮೂರು ತಿಂಗಳೊಳಗೆ ಎದ್ದುಕೊಳ್ಳುತ್ತದೆ; ಸುಪ್ತ ಸ್ನಾಯು ತನ್ನೊಳಗೆ ಕಳೆದುಕೊಂಡ, ಸಂಕುಚಿಸುವ ಎಳೆಗಳನ್ನು ಮತ್ತೆ ಕಟ್ಟಿಕೊಳ್ಳಬೇಕಾದ್ದರಿಂದ ಅದಕ್ಕೆ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯಬಹುದು. ಪಂಪಿಂಗ್ ಅಂಕಿ ಏರದಿದ್ದರೂ ಏದುಸಿರು ಕಡಿಮೆಯಾಗಿ, ಮೆಟ್ಟಿಲು ಹತ್ತುವುದು ಸುಲಭವಾದರೆ ಅದೂ ಲಾಭವೇ. ಐಸಿಡಿ ಬೇಕೇ ಎಂಬುದನ್ನು ಸಾಮಾನ್ಯವಾಗಿ ಆಪರೇಷನ್ ಆಗಿ ಮೂರು ತಿಂಗಳ ನಂತರ ಮತ್ತೊಂದು ಎಕೋ ಮಾಡಿ ತೀರ್ಮಾನಿಸುತ್ತಾರೆ. ಈ ಅವಧಿಯಲ್ಲಿ ‘ಬೈಪಾಸ್ ಆಯ್ತಲ್ಲ’ ಎಂದು ಹೃದಯ ವೈಫಲ್ಯದ ಮಾತ್ರೆಗಳನ್ನು ನಿಲ್ಲಿಸಿರುವವರನ್ನು ನಾನು ಹಲವು ಸಲ ಕಂಡಿದ್ದೇನೆ. ಅಂಥವರ ಎಕೋ ನೋಡಿ ಸ್ಕ್ಯಾನ್ ಬಗ್ಗೆಯಾಗಲಿ, ಶಸ್ತ್ರಚಿಕಿತ್ಸೆಯ ಬಗ್ಗೆಯಾಗಲಿ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ಮೊದಲು ಮಾತ್ರೆ ಶುರುವಾಗಬೇಕು, ಎಕೋ ಆಮೇಲೆ.